ಮುತ್ಯಾನ ಫೋಟೊದಾಗಿನ ಡ್ರೆಸ್ಸು ಯಾವ ಸೈನ್ಯದ್ದು?

ಪ್ರಶ್ನೆ: ನಮ್ಮದು ಗಂಗಾವತಿ ಹತ್ರ ಹಳ್ಳಿ. ಪಡಸಾಲ್ಯಾಗ ನಮ್ಮಪ್ಪನ ಮುತ್ಯಾನ ಒಂದು ಹಳೇ ಫೋಟೊ ಐತ್ರಿ. ಮೊದಲ್ನೇ ಮಹಾಯುದ್ಧಕ್ಕ ಹೋಗಿ ಬಂದಿದ್ರು ಅಂತಾರ, ಕಾಗದಪತ್ರ ಏನೂ ಉಳಿದಿಲ್ಲ. ತಲಿಗೆ ಕಪ್ಪು ಪಟಗಾ, ಕಾಲಿಗೆ ಮೊಣಕಾಲ ತನಕ ಪಟ್ಟಿ ಸುತ್ಯಾರ, ಎದಿ ಮ್ಯಾಲ ಅಡ್ಡಕ್ಕ ಸಣ್ಣ ಸಣ್ಣ ಚೀಲ ಇರೋ ಚರ್ಮದ ಬೆಲ್ಟು, ತೋಳಿಗೆ ಎರಡು ಪಟ್ಟಿ, ಹೆಗಲ ಮ್ಯಾಲ ಏನೋ ಅಕ್ಷರ ಅದಾವ ಆದ್ರ ಮಸುಕು. ಊರಾಗ ದಫೇದಾರ ಅಂತ ಕರಿತಿದ್ರಂತ. ಕಾಕಾ ಪೊಲೀಸ್ ಅಂತಾರ, ಅಪ್ಪ ನಿಜಾಮರ ಸೈನ್ಯ ಅಂತಾರ, ಕಂಪ್ಲಿ ಬೀಗರು ಬ್ರಿಟಿಷರ ಸೈನ್ಯ ಅಂತಾರ. ಯಾರ ಮಾತು ಖರೆ?
— ಒಬ್ಬ ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಅಪ್ಪಾರ ಮಾತು, ಬೀಗರ ಮಾತು ಎರಡೂ ಖರೆ ಇರಬಹುದು ನೋಡ್ರಿ. ಆಗ ತುಂಗಭದ್ರಾ ಹೊಳಿನ ಗಡಿ, ನಿಮ್ಮ ಕಡೆ ಗಂಗಾವತಿ, ಕೊಪ್ಪಳ, ರಾಯಚೂರು ನಿಜಾಮರ ಸೀಮೆ, ಆಚೆ ದಂಡಿಗೆ ಕಂಪ್ಲಿ, ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿ. ಆದ್ರ ನಿಜಾಮರ ಸೀಮೆಯೊಳಗ ಹೈದರಾಬಾದ್ ಕಂಟಿಂಜೆಂಟ್ ಅಂತ ಒಂದು ಸೈನ್ಯ ಇತ್ತು, ಖರ್ಚು ನಿಜಾಮರದು, ಆಫೀಸರು ಬ್ರಿಟಿಷರು, ನಮ್ಮ ಲಿಂಗಸುಗೂರಿನಾಗೂ ಅದರ ದಂಡು ಬಿಡಾರ ಇತ್ತು. 1903ರಾಗ ಇದನ್ನ ಬ್ರಿಟಿಷ್ ಇಂಡಿಯನ್ ಆರ್ಮಿಯೊಳಗ ಸೇರಿಸಿ ಕುದುರೆ ಪಡೆಗಳಿಗೆ 20, 29, 30, ಕಾಲಾಳು ಪಡೆಗಳಿಗೆ 94ರಿಂದ 99ರ ತನಕ ನಂಬರ್ ಕೊಟ್ರು. ಇದು ಬಿಟ್ಟು ನಿಜಾಮರದೇ ಸ್ವಂತದ್ದು ಹೈದರಾಬಾದ್ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್, ಅಂದ್ರ ಭರ್ಚಿ ಹಿಡಿದ ಕುದುರೆ ಪಡೆ ಇತ್ತು, ಅವರು 1914ರಾಗ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದ್ರು, ಮುಂದ ಪ್ಯಾಲೆಸ್ಟೈನ್ ಕಡೆ ಹೋದ್ರು. ಡೆಲ್ಲಿಯ ತೀನ್ ಮೂರ್ತಿ ಐತಲ್ಲ, ಆ ಮೂರು ಮೂರ್ತಿ ಹೈದರಾಬಾದ್, ಮೈಸೂರು, ಜೋಧಪುರದ ಲ್ಯಾನ್ಸರ್ಸ್ ನೆನಪಿಗೆ ನಿಲ್ಲಿಸಿದ್ದು.

ಹಂಗಾಗಿ ಮೊದ್ಲು ಗೊತ್ತಾಗಬೇಕಾದ್ದು ಅವರು ಕುದುರೆ ಮ್ಯಾಲಿನವರೋ ಕಾಲಾಳೋ ಅಂತ. ದಫೇದಾರ ಅಂತ ಕರೀತಿದ್ರು ಅಂತ ನೀವು ಬರದದ್ದು ನನಗ ಭಾಳ ಮುಖ್ಯ ಅನಿಸ್ತು. ಎರಡು ಪಟ್ಟಿ ಅಂದ್ರ ಕಾಲಾಳುಗಳಾಗ ನಾಯಕ್, ಕುದುರೆ ಪಡೆಯಾಗ ಲ್ಯಾನ್ಸ್ ದಫೇದಾರ್, ಮೂರಾದ್ರ ಅಲ್ಲಿ ಹವಾಲ್ದಾರ್, ಇಲ್ಲಿ ದಫೇದಾರ್. ನಮ್ಮ ಕಡೆ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ಲಿಗೂ ದಫೇದಾರ ಅಂತಿದ್ರು, ಹಿಂಗಾಗಿ ನಿಮ್ಮ ಕಾಕಾರ ಮಾತನ್ನೂ ಈಗ್ಲೇ ತಳ್ಳಿ ಹಾಕೋದು ಬ್ಯಾಡ್ರಿ. ಎದಿ ಮ್ಯಾಲಿನ ಗುಂಡಿನ ಬೆಲ್ಟು, ಅಂದ್ರ ಬ್ಯಾಂಡೊಲಿಯರ್, ಕುದುರೆ ಪಡೆಯವರಷ್ಟೇ ಅಲ್ಲ ಆಗಿನ ಕಾಲಾಳುಗಳೂ ಹಾಕ್ತಿದ್ರು, ಅದೊಂದನ್ನ ನೋಡಿ ನಿರ್ಧಾರ ಮಾಡಾಕ ಬರಂಗಿಲ್ಲ. ಕಾಲಿನ ಪಟ್ಟಿ ನೋಡ್ರಿ. ಕಾಲಾಳು ಹಿಮ್ಮಡಿ ಕಡೆಯಿಂದ ಮ್ಯಾಲಕ್ಕ ಸುತ್ತಿ ಮೊಣಕಾಲ ಕೆಳಗ ಲಾಡಿ ಕಟ್ತಾನ, ಕುದುರೆ ಸವಾರ ಮ್ಯಾಲಿಂದ ಕೆಳಗ ಸುತ್ತಿ ಹಿಮ್ಮಡಿ ಹತ್ರ ಕಟ್ತಾನ. ಲಾಡಿ ಗಂಟು ಕೆಳಗ ಕಂಡ್ರ, ಬೂಟಿನ ಹಿಂದ ಸ್ಪರ್, ಅಂದ್ರ ಕುದುರೆ ತಿವಿಯೋ ಮುಳ್ಳು, ಚೂಪಾಗಿ ಕಂಡ್ರ ಅವರು ಸವಾರರೇ ಅಂತ ನಾ ಧೈರ್ಯವಾಗಿ ಹೇಳ್ತೀನಿ.

ಪಟಗಾದ ಬಣ್ಣ ಮಾತ್ರ ನಂಬಬ್ಯಾಡ್ರಿ. ಆಗಿನ ಫೋಟೊ ಪ್ಲೇಟುಗಳಿಗೆ ಕೆಂಪು ಬಣ್ಣ ಹಿಡೀತಿರಲಿಲ್ಲ, ಕೆಂಪು ಕಪ್ಪಾಗಿ ಬರ್ತಿತ್ತು, ನೀಲಿ ಬೆಳ್ಳಗ ಬರ್ತಿತ್ತು. ಅಂದ್ರ ನಿಮ್ಮ ಮುತ್ಯಾನ ಪಟಗಾ ಖರೇನ ಕೆಂಪಿರಬಹುದು. ಯಾರಾದ್ರೂ ಬಣ್ಣ ಹಾಕಿ ಕೊಡ್ತೀನಿ ಅಂತ ಮೊಬೈಲ್ ಆ್ಯಪಿನಾಗ ಮಾಡಿದ್ರ ಅದನ್ನ ಪುರಾವೆ ಅಂತ ಇಟ್ಕೋಬ್ಯಾಡ್ರಿ, ದಯವಿಟ್ಟು.

ನಿರ್ಧಾರ ಮಾಡೋದು ಹೆಗಲ ಮ್ಯಾಲಿನ ಹಿತ್ತಾಳಿ ಅಕ್ಷರ. ಫೋಟೊ ಗಾಜಿಗೆ ಅಂಟಿಕೊಂಡಿದ್ರ ಕೀಳಬ್ಯಾಡ್ರಿ, ಒದ್ದಿ ಬಟ್ಟಿಲೆ ಒರಸಬ್ಯಾಡ್ರಿ. ಬಿಡಿಯಾಗಿ ಬಂದ್ರ ಸ್ಟುಡಿಯೋದಾಗ 1200 ಡಿಪಿಐಗೆ ಸ್ಕ್ಯಾನ್ ಮಾಡಸ್ರಿ, ಹಿಂದಿನ ಮಗ್ಗಲನ್ನೂ ಸೇರಿಸಿ. 20 ಅಥವಾ 29 ಅಂತ ಓದಾಕ ಬಂದ್ರ ಅವರು ಫ್ರಾನ್ಸಿಗೆ ಹೋದ ಪಡೆಯವರು. 20ನೇ ಡೆಕ್ಕನ್ ಹಾರ್ಸ್ 1916ರ ಜುಲೈ 14ಕ್ಕ ಸೊಮ್ ಯುದ್ಧದಾಗ, ಹೈ ವುಡ್ ಅನ್ನೋ ಕಾಡಿನ ಹತ್ರ, ಕುದುರೆ ಮ್ಯಾಲಿಂದ ಭರ್ಚಿ ಹಿಡಿದು ನುಗ್ಗಿದ ಪಡೆ. ಆ 20, 29 ಎರಡೂ ಮುಂದ ಒಂದಾಗಿ ಇವತ್ತಿಗೂ ನಮ್ಮ ಸೈನ್ಯದಾಗ ಡೆಕ್ಕನ್ ಹಾರ್ಸ್ ಅನ್ನೋ ಹೆಸರಿಲೇ ಟ್ಯಾಂಕ್ ರೆಜಿಮೆಂಟ್ ಆಗಿ ಅದಾವ, ಅಲ್ಲಿಗೆ ಪತ್ರ ಬರಿಬಹುದು. 94ರಿಂದ 99 ಬಂದ್ರ ಕಾಲಾಳು, ಆ ಪಡೆಗಳ ವಂಶ ಇವತ್ತಿನ ಕುಮಾಂವ್ ರೆಜಿಮೆಂಟ್, ಸೆಂಟರ್ ರಾಣಿಖೇತದಾಗ ಐತಿ.

ಇನ್ನೊಂದು, ಮನ್ಯಾಗ ಹಳೇ ಟ್ರಂಕು, ದೇವರ ಜಗಲಿ, ಅಮ್ಮನ ಬೆಳ್ಳಿ ಗಂಟು ಎಲ್ಲಾ ಹುಡುಕ್ರಿ. ಆ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ದುಂಡಗ ರೂಪಾಯಿಗಿಂತ ದೊಡ್ಡದು, ಬೆಳ್ಳಿದು, ಒಂದು ಮುಖಕ್ಕ ರಾಜನ ತಲಿ, ಇನ್ನೊಂದಕ್ಕ ಕುದುರೆ ಮ್ಯಾಲೆ ಕುಂತ ಮನಷ್ಯಾ. ಅದರ ಅಂಚಿನ ಮ್ಯಾಲ ಸಿಪಾಯಿ ನಂಬರು, ಹೆಸರು, ಪಡೆ ಮೂರೂ ಒತ್ತಿರ್ತಾರ, ಫೋಟೊಗಿಂತ ಗಟ್ಟಿ ಸಾಕ್ಷಿ ಅದು. ಬೆಳ್ಳಿ ಐತಿ ಅಂತ ಕರಗಿಸಿ ಉಡದಾರ ಮಾಡಿಸಿದ ಮನೆಗಳು ಅದಾವ, ನನಗ ಅದನ್ನ ಕೇಳಿದ್ರ ಹೊಟ್ಟಿ ಉರೀತೈತಿ. ಸಿಕ್ಕರ ಹುಣಸೆಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ, ಅಂಚಿನ ಅಕ್ಷರ ಸವೆದು ಹೋಗ್ತಾವ. ಹಂಗ ಇಟ್ಟು, ಹೆಗಲಿನ ಸ್ಕ್ಯಾನ್ ಜೋಡಿ ಅಂಚಿನ ಫೋಟೊನೂ ಕಳಸ್ರಿ, ಓದಿ ಉತ್ತರ ಬರಿತೀನಿ.