ಅಪ್ಪ–ಅಮ್ಮನ ಜೊತೆ ಯೂರೋಪಿನ ಹೊಸ ಸ್ಲೀಪರ್ ರೈಲಿನಲ್ಲಿ ರಾತ್ರಿ ಪ್ರಯಾಣ: ನಿದ್ದೆ ಬರುತ್ತಾ, ವಿಮಾನಕ್ಕಿಂತ ವಾಸಿನಾ?

ಮುಂದಿನ ಬೇಸಿಗೆಯಲ್ಲಿ ಅಪ್ಪ–ಅಮ್ಮನನ್ನು ಯೂರೋಪಿಗೆ ಕರೆದುಕೊಂಡು ಹೋಗುತ್ತಿದ್ದೀರಿ, ಒಂದು ರಾತ್ರಿಯನ್ನು ಹೊಸ ಸ್ಲೀಪರ್ ರೈಲಿನಲ್ಲಿ ಕಳೆದರೆ ಹೇಗೆ ಎಂದು ಕೇಳಿದ್ದೀರಿ. ನಾನು ಇರುವುದು ಹ್ಯಾಂಬರ್ಗಿನಲ್ಲಿ. ಇಲ್ಲಿಂದ ವಿಯೆನ್ನಾಗೆ ಹೋಗುವ ನೈಟ್‌ಜೆಟ್ ಎಂಬ ರಾತ್ರಿ ರೈಲಿನಲ್ಲಿ ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಾನು, ನನ್ನ ಹೆಂಡತಿ. ಎರಡನೇ ಸಲ ಅಮ್ಮನ ಜೊತೆ. ಖಂಡಿತ ಹೋಗಿ. ಆದರೆ ಯಾರಿಗೆ ಯಾವ ಜಾಗ ಬುಕ್ ಮಾಡುತ್ತೀರಿ ಅನ್ನೋದನ್ನು ಮಾತ್ರ ಚೆನ್ನಾಗಿ ಯೋಚನೆ ಮಾಡಿ. ಪ್ರಯಾಣ ಸುಖವಾಗುವುದೂ ಕಷ್ಟವಾಗುವುದೂ ಅದರ ಮೇಲೇ.

ನೈಟ್‌ಜೆಟ್ ಆಸ್ಟ್ರಿಯಾದ ಸರ್ಕಾರಿ ರೈಲ್ವೆಯದು. 2016ರ ಡಿಸೆಂಬರಿನಲ್ಲಿ ಜರ್ಮನಿಯ ರೈಲ್ವೆ ತನ್ನ ಸ್ಲೀಪರ್ ರೈಲುಗಳನ್ನು ನಿಲ್ಲಿಸಿದಾಗ ಅವುಗಳಲ್ಲಿ ಕೆಲವು ಮಾರ್ಗಗಳನ್ನು ಇವರು ವಹಿಸಿಕೊಂಡರು. ರಾತ್ರಿ ರೈಲಿನ ಕಾಲ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದ ಹೊತ್ತಿನಲ್ಲಿ ಮಾಡಿದ ಕೆಲಸ ಅದು. ಅದಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ. ನೀವು ಹೇಳುತ್ತಿರುವ ಹೊಸ ರೈಲು ಸೀಮೆನ್ಸ್ ಕಟ್ಟಿದ್ದು. 2023ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನಿಂದ ವಿಯೆನ್ನಾ ಮತ್ತು ಇನ್ಸ್‌ಬ್ರುಕ್ ಮಾರ್ಗದಲ್ಲಿ ಮೊದಲು ಓಡಿತು. ಒಂದು ರೈಲಿಗೆ ಏಳು ಬೋಗಿ: ಎರಡರಲ್ಲಿ ಬರೀ ಸೀಟು, ಮೂರರಲ್ಲಿ ಕೂಷೆಟ್ (ಸರಳವಾದ ಮಲಗುವ ಜಾಗ), ಎರಡು ಸ್ಲೀಪರ್ (ಸ್ವಂತ ಕೋಣೆ). ಎಲ್ಲ ಮಾರ್ಗಗಳಲ್ಲೂ ಹೊಸ ಬೋಗಿ ಇಲ್ಲ, ಹಳೆಯವೂ ಇನ್ನೂ ಓಡುತ್ತಿವೆ. ಬುಕ್ ಮಾಡುವಾಗ ಅದನ್ನೊಮ್ಮೆ ನೋಡಿಕೊಳ್ಳಿ.

ಈಗ ಜಾಗದ ವಿಷಯ. ಸೀಟು ಬೇಡವೇ ಬೇಡ, ವಯಸ್ಸಾದವರಿಗಂತೂ ರಾತ್ರಿಯಿಡೀ ಕೂತು ಆಗುವುದಿಲ್ಲ. ಕೂಷೆಟ್ ಅಂದರೆ ನಾಲ್ಕು ಹಾಸಿಗೆಯ ಕೋಣೆ. ನಮ್ಮ ಸೆಕೆಂಡ್ ಎಸಿಗೆ ಪರದೆಯ ಬದಲು ಬಾಗಿಲು ಹಾಕಿದಂತೆ ಇರುತ್ತದೆ. ಹೆಂಗಸರಿಗೇ ಬೇರೆ ಕೋಣೆ ಬೇಕೆಂದರೆ ಅದೂ ಸಿಗುತ್ತದೆ.

ಎಲ್ಲರೂ ವಿಡಿಯೋದಲ್ಲಿ ತೋರಿಸುವುದು ಮಿನಿ ಕ್ಯಾಬಿನ್. ನಾವು ಮೊದಲ ಸಲ ಮಲಗಿದ್ದು ಅದರಲ್ಲೇ. ಒಬ್ಬರಿಗೆ ಒಂದು ಗೂಡು. ಮೇಲಿನದಕ್ಕೆ ಮೆಟ್ಟಿಲು ಹತ್ತಿ, ಬಗ್ಗಿ, ತೆವಳಿಕೊಂಡು ಒಳಗೆ ಸೇರಬೇಕು. ಜಾರುವ ಬಾಗಿಲು ಎಳೆದುಕೊಂಡರೆ ಹೊರಗಿನ ಲೋಕ ಇಲ್ಲ. ಒಳಗೆ ಹಾಸಿಗೆ, ದಿಂಬು, ಹೊದಿಕೆ, ಒಂದು ಕನ್ನಡಿ, ಮಡಚುವ ಪುಟ್ಟ ಮೇಜು, ಓದೋದಕ್ಕೆ ದೀಪ, ಫೋನ್ ಚಾರ್ಜ್ ಮಾಡುವ ಜಾಗ, ಒಂದು ಚಿಕ್ಕ ಕಿಟಕಿ. ಪೆಟ್ಟಿಗೆ, ಚಪ್ಪಲಿ ಹೊರಗಿನ ಲಾಕರಿನಲ್ಲಿ. ಬಾಗಿಲಿಗೂ ಲಾಕರಿಗೂ ಒಂದೇ ಕಾರ್ಡು. ರಾತ್ರಿ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುವ ನಮ್ಮ ಹಳೇ ಅಭ್ಯಾಸ ಇಲ್ಲಿ ಬೇಕಾಗುವುದಿಲ್ಲ.

ಅಕ್ಕಪಕ್ಕದ ಎರಡು ಗೂಡುಗಳ ನಡುವೆ ಒಂದು ಸಣ್ಣ ಕಿಂಡಿ ಇದೆ, ಎರಡೂ ಕಡೆಯವರು ಒಪ್ಪಿದರೆ ತೆಗೆಯಬಹುದು. ಹ್ಯಾನೋವರ್ ದಾಟಿದ ಮೇಲೆ ಆ ಕಿಂಡಿಯಿಂದ ನನ್ನ ಹೆಂಡತಿಯ ಕೈ ಬಂತು, ಬೆರಳಿಗೆ ಎರಡು ಕೋಡುಬಳೆ ಸಿಕ್ಕಿಸಿಕೊಂಡು. ಅವಳ ಮುಖ ಕಾಣುತ್ತಿರಲಿಲ್ಲ, ಬಳೆ ಮತ್ತು ಕೋಡುಬಳೆ ಮಾತ್ರ. ಆ ರಾತ್ರಿ ನೆನಪಾದರೆ ಮೊದಲು ಕಣ್ಣಿಗೆ ಬರುವುದು ಅದೇ.

ಆದರೆ ಇದರಲ್ಲಿ ನಿಮ್ಮ ಅಪ್ಪ–ಅಮ್ಮನನ್ನು ಮಲಗಿಸಬೇಡಿ. ಒಳಗೆ ನೆಟ್ಟಗೆ ನಿಲ್ಲುವುದಿರಲಿ, ಬಟ್ಟೆ ಬದಲಾಯಿಸೋದೂ ಕಷ್ಟ. ಎತ್ತರದವರಿಗೆ ಕಾಲು ಚಾಚಲು ಬಿಗಿ. ರಾತ್ರಿ ಎರಡು ಸಲ ಬಾತ್‌ರೂಮಿಗೆ ಏಳುವವರು ಕತ್ತಲಲ್ಲಿ ಮೆಟ್ಟಿಲು ಇಳಿದು, ಚಪ್ಪಲಿ ಹುಡುಕಿ, ಓಣಿ ದಾಟಿ ಹೋಗಬೇಕು. ನನ್ನ ಅಮ್ಮನಿಗೆ ಮಂಡಿ ನೋವು. ಅವರು ಇಲ್ಲಿಗೆ ಬಂದಾಗ ನಾನು ಒಂದು ಕ್ಷಣವೂ ಯೋಚಿಸದೆ ಸ್ಲೀಪರ್ ಕೋಣೆ ತೆಗೆದುಕೊಂಡೆ. ಇಬ್ಬರಿಗೆ ಒಂದು ಕೋಣೆ, ಕೋಣೆಯೊಳಗೇ ಟಾಯ್ಲೆಟ್ಟು, ಷವರು. ದುಡ್ಡು ಜಾಸ್ತಿ, ನಿಜ. ಹೋಟೆಲಿನ ಒಂದು ರಾತ್ರಿಯ ಬಾಡಿಗೆ ಉಳಿಯಿತು ಅಂತ ಲೆಕ್ಕ ಹಾಕಿಕೊಳ್ಳಿ.

ಅಮ್ಮ ಒಳಗೆ ಬಂದವರೇ ಮೊದಲು ಬಾತ್‌ರೂಮಿನ ಬಾಗಿಲು ತೆಗೆದು ನಲ್ಲಿ ತಿರುಗಿಸಿದರು. ಬಿಸಿನೀರು ಬಂತು. ಅಲ್ಲಿಗೆ ಅವರ ಅರ್ಧ ಹೆದರಿಕೆ ಇಳಿಯಿತು. ಕೆಳಗಿನ ಹಾಸಿಗೆಯಲ್ಲಿ ಕಾಲು ಮಡಚಿ ಕೂತು, ಚಪಾತಿ, ಚಟ್ನಿಪುಡಿ ಬಿಚ್ಚಿದರು. ಎಷ್ಟೋ ವರ್ಷ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಓಡಾಡಿದವರು ಅವರು. "ಎದುರಿಗೆ ಯಾರೂ ಇಲ್ಲ, ಯಾರಿಗೆ ಅಂತ ಕೊಡೋದು?" ಅಂದರು. ಕೂತಲ್ಲೇ ಎದುರಿನವರ ಊರು, ಮನೆ, ಮಕ್ಕಳು ಎಲ್ಲ ತಿಳಿದುಕೊಳ್ಳುವ ಪ್ರಯಾಣ ಇದಲ್ಲ. ಅಮ್ಮನಿಗೆ ಅದು ಬೇಸರವಾಯಿತು. ನನಗೂ ಅವರ ಮಾತು ಕೇಳಿ ಒಂದು ಗಳಿಗೆ ನಮ್ಮ ರೈಲು ನೆನಪಾಯಿತು. ನಿಮ್ಮ ತಂದೆ ಮಾತುಗಾರರಾದರೆ ಇದನ್ನು ಮೊದಲೇ ಹೇಳಿಟ್ಟಿರಿ.

ನಿದ್ದೆ ಬರುತ್ತಾ ಅಂದರೆ, ಬರುತ್ತದೆ, ಆದರೆ ಮನೆಯ ನಿದ್ದೆಯಲ್ಲ. ಹಳಿಯ ಸದ್ದು ಕಡಿಮೆ, ಕುಲುಕಾಟವೂ ಕಡಿಮೆ. ನಡುರಾತ್ರಿ ನ್ಯೂರೆಂಬರ್ಗಿನಲ್ಲಿ ಮಾತ್ರ ರೈಲು ಬಹಳ ಹೊತ್ತು ನಿಲ್ಲುತ್ತದೆ. ಹ್ಯಾಂಬರ್ಗಿನಿಂದ ಬಂದದ್ದರಲ್ಲಿ ಅರ್ಧ ವಿಯೆನ್ನಾಗೆ, ಅರ್ಧ ಇನ್ಸ್‌ಬ್ರುಕ್‌ಗೆ. ಆಮ್‌ಸ್ಟರ್‌ಡ್ಯಾಮಿನಿಂದ ಬರುವ ರೈಲಿಗೂ ಹಾಗೇ. ಅಲ್ಲಿ ಬಿಚ್ಚಿ, ಬೇರೆ ಜೋಡಿ ಮಾಡುತ್ತಾರೆ. ಮೆಲ್ಲಗೆ ಒಂದು ತಳ್ಳು, ಆಮೇಲೆ ಮೌನ. ನಿದ್ದೆ ಹಗುರವಾಗಿರುವವರಿಗೆ ಎಚ್ಚರವಾಗುತ್ತದೆ, ಅಮ್ಮನಿಗೂ ಆಯಿತು. ಹತ್ತುವಾಗ ಬೋಗಿ ನಂಬರು ನೋಡಿಯೇ ಹತ್ತಿ ಅಂತ ಹೇಳುವುದು ಇದಕ್ಕೇ. ಸುಮ್ನೆ ಯಾವುದೋ ಬಾಗಿಲಲ್ಲಿ ಹತ್ತಿ ಮಲಗಿಬಿಟ್ಟರೆ ಬೆಳಗ್ಗೆ ಬೇರೆ ಊರಲ್ಲಿ ಏಳಬೇಕಾಗುತ್ತದೆ.

ವಿಮಾನಕ್ಕಿಂತ ವಾಸಿನಾ? ಹ್ಯಾಂಬರ್ಗ್–ವಿಯೆನ್ನಾ ವಿಮಾನ ಒಂದೂವರೆ ಗಂಟೆ. ರೈಲು ರಾತ್ರಿ ಎಂಟರ ಸುಮಾರಿಗೆ ಹೊರಟು ಬೆಳಗ್ಗೆ ಒಂಬತ್ತರ ಹೊತ್ತಿಗೆ ತಲುಪುತ್ತದೆ, ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಆದರೆ ಏರ್‌ಪೋರ್ಟಿಗೆ ಹೋಗುವುದು, ಸಾಲು, ಬೆಲ್ಟು ಬಿಚ್ಚುವುದು, ಅಮ್ಮನ ಉಪ್ಪಿನಕಾಯಿ ಬಾಟಲಿಗೆ ತಕರಾರು, ಇದೆಲ್ಲ ಇಲ್ಲ. ಊರ ನಡುವೆ ಹತ್ತಿ ಊರ ನಡುವೆ ಇಳಿಯುತ್ತೀರಿ. ವಿಯೆನ್ನಾ ಸ್ಟೇಷನ್ನಿನಲ್ಲಿ ಲಾಕರ್ ಇದೆ, ಹೋಟೆಲ್ ಕೋಣೆ ಸಿಗುವವರೆಗೆ ಪೆಟ್ಟಿಗೆ ಅಲ್ಲಿಟ್ಟು ಓಡಾಡಬಹುದು.

ಒಂದು ಕಷ್ಟವನ್ನೂ ಹೇಳಬೇಕು. ಇನ್ನೊಂದು ಕಂಪನಿಯ ರಾತ್ರಿ ರೈಲಿನಲ್ಲಿ, ಬೇರೆ ಮಾರ್ಗದಲ್ಲಿ, ನಮ್ಮ ಮಲಗುವ ಬೋಗಿಯೇ ಆ ದಿನ ಬರಲಿಲ್ಲ. ಕೆಟ್ಟಿದೆ ಎಂದರು. ರಾತ್ರಿಯಿಡೀ ಕೂತೇ ಹೋದೆವು, ಮರುದಿನ ಮಧ್ಯಾಹ್ನದವರೆಗೆ ತಲೆ ಎತ್ತಲಾಗಲಿಲ್ಲ. ತಡವಾಗುವುದೂ ಇದೆ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ಸರಿಯಾದ ಸಮಯಕ್ಕೆ ತಲುಪಿದವು, ರಾತ್ರಿ ರೈಲುಗಳೂ ಅದೇ ಹಳಿಯ ಮೇಲೆ ಹೋಗಬೇಕು. ಒಂದು ಗಂಟೆಗಿಂತ ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ವಾಪಸ್ ಕೇಳುವ ಹಕ್ಕು ಯೂರೋಪಿನ ಕಾನೂನಿನಲ್ಲಿದೆ. ದುಡ್ಡು ಬರುತ್ತದೆ, ತಪ್ಪಿದ ವಿಮಾನ ಬರುವುದಿಲ್ಲ. ಅದಕ್ಕೆ, ಬೆಂಗಳೂರಿಗೆ ವಾಪಸ್ ಹೊರಡುವ ದಿನದ ಹಿಂದಿನ ರಾತ್ರಿಗೆ ಮಾತ್ರ ಈ ರೈಲು ಇಟ್ಟುಕೊಳ್ಳಲೇಬೇಡಿ.

ಟಿಕೆಟ್ ಬೇಗ ತೆಗೆಯಿರಿ, ವಿಮಾನದ ಹಾಗೆ ದರ ಏರುತ್ತಾ ಹೋಗುತ್ತದೆ. ಸ್ಲೀಪರ್ ಕೋಣೆಗಳೇ ಮೊದಲು ಖಾಲಿಯಾಗೋದು. ಯೂರೋಪಿನ ಹಲವು ದೇಶಗಳ ರೈಲಿಗೆ ಒಂದೇ ಟಿಕೆಟ್ಟಿನಂತಿರುವ ಯೂರೇಲ್ ಪಾಸ್ ಇದ್ದರೂ ಹಾಸಿಗೆಗೆ ಬೇರೆ ದುಡ್ಡು ಕಟ್ಟಬೇಕು. ಹಳೆಯ ಬ್ಲಾಗುಗಳಲ್ಲಿ ಪ್ಯಾರಿಸ್–ವಿಯೆನ್ನಾ ನೈಟ್‌ಜೆಟ್ ಬಗ್ಗೆ ಓದಿದ್ದರೆ ಮರೆತುಬಿಡಿ, ಅದು 2025ರ ಡಿಸೆಂಬರಿನಲ್ಲಿ ನಿಂತಿತು. ಪಾಸ್‌ಪೋರ್ಟನ್ನು ಪೆಟ್ಟಿಗೆಯಲ್ಲಿ ಹಾಕಬೇಡಿ, ಗಡಿಯಲ್ಲಿ ಕೇಳುವುದುಂಟು.

ನೀವು ಮೂವರು. ಅಪ್ಪ–ಅಮ್ಮನಿಗೆ ಸ್ಲೀಪರ್ ಕೋಣೆ ತೆಗೆದುಕೊಳ್ಳಿ, ನೀವು ಅದೇ ರೈಲಿನ ಮಿನಿ ಕ್ಯಾಬಿನ್ನಿನಲ್ಲಿ ಮಲಗಿ. ಮಂಡಿ ಯಾರದು ನೋಯುತ್ತದೋ ಅವರಿಗೆ ಕೆಳಗಿನ ಹಾಸಿಗೆ. ಬೆಳಗ್ಗೆ ಲಿಂಜ್ ದಾಟಿದ ಮೇಲೆ ಅವರ ಬಾಗಿಲು ತಟ್ಟಿ. ನಾನು ಮೇಲಿನ ಹಾಸಿಗೆಯಿಂದ ಇಳಿಯುವಷ್ಟರಲ್ಲಿ ಅಮ್ಮ ಆಗಲೇ ಮುಖ ತೊಳೆದು, ತಲೆ ಬಾಚಿ, ಕಿಟಕಿಗೆ ಹಣೆ ತಾಗಿಸಿ ಕೂತಿದ್ದರು. ಹೊಲಗಳ ಮೇಲೆ ಮಂಜು ಇತ್ತು. ಕಾಫಿ ಬಂದು ಆರುತ್ತಿತ್ತು, ಅವರು ತಿರುಗಿಯೂ ನೋಡಲಿಲ್ಲ.