ಮಳೆಗಾಲದಲ್ಲಿ ಹುಳಿ ವಾಸನೆ ಬಂದ ಆಸ್ಪಿರಿನ್ ಮಾತ್ರೆಯಲ್ಲಿ ಔಷಧ ಎಷ್ಟು ಉಳಿದಿದೆ ಅಂತ ಲ್ಯಾಬ್‌ನಲ್ಲಿ ಹೇಗೆ ಕಂಡುಹಿಡಿಯುತ್ತಾರೆ?

ಮಾತ್ರೆಯನ್ನು ಪುಡಿ ಮಾಡಿ, ಕರಗಿಸಿ, ಸೋಸಿ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುತ್ತಾರೆ. ಅದು ಆಸ್ಪಿರಿನ್ನನ್ನೂ ಅದು ಕೆಟ್ಟು ಆದ ವಸ್ತುವನ್ನೂ ಬೇರೆ ಮಾಡಿ ಅಳೆಯುತ್ತದೆ.

ಮಡಿಕೇರಿ, ಭಾಗಮಂಡಲದ ಕಡೆ ಜುಲೈನಲ್ಲಿ ಮನೆಯೊಳಗೂ ತೇವವೇ ಅಲ್ವಾ? ಆ ತೇವಕ್ಕೆ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲ ಆಗುತ್ತದೆ. ಎರಡನೆಯದು ವಿನೆಗರ್‌ನಲ್ಲಿರುವ ಆಮ್ಲ. ವಾಸನೆ ಅದರದ್ದೇ.

ಬೇರೆಯಾಗುವುದು ಕಾಲಂ ಎಂಬ ಸಣ್ಣ ಉಕ್ಕಿನ ಕೊಳವೆಯಲ್ಲಿ. ಒಳಗೆ ತುಂಬ ನುಣ್ಣನೆಯ ಸಿಲಿಕಾ ಪುಡಿ, ಅದರ ಮೇಲೆ ಎಣ್ಣೆಯ ಗುಣದ ಲೇಪ. ಆಮ್ಲ ಬೆರೆಸಿದ ನೀರು ಮತ್ತು ಅಸಿಟೋನೈಟ್ರೈಲ್ ಎಂಬ ದ್ರಾವಕದ ಮಿಶ್ರಣವನ್ನು ಪಂಪ್ ಜೋರಾಗಿ ತಳ್ಳುತ್ತದೆ. ಲೇಪಕ್ಕೆ ಕಡಿಮೆ ಅಂಟುವ ಆಸ್ಪಿರಿನ್ ಮೊದಲು ಹೊರಬರುತ್ತದೆ, ಜಾಸ್ತಿ ಅಂಟುವ ಸ್ಯಾಲಿಸಿಲಿಕ್ ಆಮ್ಲ ಆಮೇಲೆ. ಹೊರಬಂದದ್ದು ಎಷ್ಟು ಯುವಿ (ಕಣ್ಣಿಗೆ ಕಾಣದ ಅತಿನೇರಳೆ) ಬೆಳಕು ಹೀರುತ್ತದೆ ಎಂಬುದು ಪರದೆ ಮೇಲೆ ಗುಡ್ಡದ ಹಾಗೆ ಕಾಣುತ್ತದೆ. ಪ್ರಮಾಣ ಗೊತ್ತಿರುವ ಶುದ್ಧ ಆಸ್ಪಿರಿನ್‌ನ ಗುಡ್ಡದ ವಿಸ್ತೀರ್ಣಕ್ಕೆ ಇದನ್ನು ಹೋಲಿಸಿದರೆ ಲೆಕ್ಕ ಸಿಕ್ಕಿತು.

ಸುಮ್ನೆ ಬೆಳಕು ಹಾಯಿಸಿ ನೋಡಿದರೆ ಸಾಲದು. ಆಸ್ಪಿರಿನ್, ಸ್ಯಾಲಿಸಿಲಿಕ್ ಆಮ್ಲ ಎರಡೂ ಯುವಿ ಹೀರುತ್ತವೆ, ಕೆಟ್ಟದ್ದೂ ಔಷಧದ ಲೆಕ್ಕಕ್ಕೆ ಸೇರಿಬಿಡುತ್ತದೆ. ಮನೆಯಲ್ಲಿ ಮಾತ್ರ ಯಂತ್ರ ಬೇಡ: ವಿನೆಗರ್ ವಾಸನೆ ಬಂದ ಆಸ್ಪಿರಿನ್ ದಯವಿಟ್ಟು ನುಂಗಬೇಡಿ.