ಆಪ್ತಸಮಾಲೋಚನೆಯ ಪರಿಣಾಮ ತೋರಿಸಲು ಕನ್ನಡದಲ್ಲಿ ಯಾವ ಪ್ರಶ್ನಾವಳಿ ಬಳಸಲಿ?

200 ಜನರಿಗೆ ಮೊದಲೊಮ್ಮೆ ಪ್ರಶ್ನಾವಳಿ ಕೊಟ್ಟು, ಮೂರು ವಾರ ಆಪ್ತಸಮಾಲೋಚನೆ ಮಾಡಿ, ಮತ್ತೊಮ್ಮೆ ಅದೇ ಪ್ರಶ್ನಾವಳಿ ತುಂಬಿಸಿ ಅಂಕ ಏರಿದ್ದನ್ನು ತೋರಿಸಬೇಕೆಂದಿರುವ ವಿಜಯಪುರದ ಎಂ.ಎ. ವಿದ್ಯಾರ್ಥಿನಿ ನೀವು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ, 2021ರ ಚಳಿಗಾಲದಲ್ಲಿ ಗುಳೇದಗುಡ್ಡದ ಓಣಿಗಳಲ್ಲಿ ಪ್ಯಾಡು ಹಿಡಿದು ತಿರುಗುತ್ತಿದ್ದ ನನ್ನದೇ ಚಿತ್ರ ಕಣ್ಣಮುಂದೆ ಬಂತು. ಆಗ ನಾನು ಬಾಗಲಕೋಟೆಯ ನವನಗರದಲ್ಲಿ ಬಾಡಿಗೆಗೆ ಇದ್ದು ಎಂ.ಎಸ್.ಡಬ್ಲ್ಯೂ. ಕೊನೆಯ ವರ್ಷದ ಪ್ರಬಂಧಕ್ಕೆ ಮಾಹಿತಿ ಕಲೆಹಾಕುತ್ತಿದ್ದೆ. 2020ರ ಲಾಕ್‌ಡೌನಿನಲ್ಲಿ ಮಗ್ಗ ನಿಂತ ಮೇಲೆ ಖಣ ಎಂಬ ರವಿಕೆ ಬಟ್ಟೆ ನೇಯುವ ಹೆಣ್ಣುಮಕ್ಕಳು ತಮ್ಮ ಕಷ್ಟಗಳನ್ನು ಹೇಗೆ ನಿಭಾಯಿಸಿದರು ಎಂಬುದು ನನ್ನ ವಿಷಯವಾಗಿತ್ತು. ‘ನಿಭಾಯಿಸಿದರು’ ಎಂಬ ಈ ಶಬ್ದವನ್ನು ನೆನಪಿನಲ್ಲಿಡಿ, ನನ್ನ ಅನರ್ಥವೆಲ್ಲ ಅಲ್ಲಿಂದಲೇ ಶುರುವಾಯಿತು.

ನಾನು ಆರಿಸಿಕೊಂಡದ್ದು ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಕಾರ್ವರ್ 1997ರಲ್ಲಿ ಪ್ರಕಟಿಸಿದ, ಕಷ್ಟ ಬಂದಾಗ ಜನ ಏನೇನು ಮಾಡುತ್ತಾರೆಂದು ಕೇಳುವ ‘ಬ್ರೀಫ್ ಕೋಪ್’ (ಇಂಗ್ಲಿಷಿನ ‘ಕೋಪಿಂಗ್’ನಿಂದ ಬಂದ ಹೆಸರು) ಎಂಬ ಪ್ರಶ್ನಾವಳಿ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಇರುವುದು 28 ಹೇಳಿಕೆಗಳು ಮಾತ್ರ, ಒಂದೊಂದಕ್ಕೂ ‘ಹೀಗೆ ಮಾಡಿಯೇ ಇಲ್ಲ’ ಎಂಬಲ್ಲಿಂದ ‘ಬಹಳ ಮಾಡಿದ್ದೇನೆ’ ಎಂಬಲ್ಲಿಯವರೆಗೆ 1ರಿಂದ 4 ಅಂಕ. ಕನ್ನಡಕ್ಕೆ ನಾನೇ ಎರಡು ರಾತ್ರಿ ಕುಳಿತು ಇಳಿಸಿದೆ. ಇನ್ನೊಬ್ಬರಿಂದ ಅದನ್ನು ಮರಳಿ ಇಂಗ್ಲಿಷಿಗೆ ಮಾಡಿಸಿ ಮೂಲದೊಂದಿಗೆ ತಾಳೆ ನೋಡುವ ಗೋಜಿಗೆ ಹೋಗಲಿಲ್ಲ. ‘ಪ್ರಾರ್ಥನೆ ಅಥವಾ ಧ್ಯಾನ ಮಾಡಿದ್ದೇನೆ’ ಎಂದು ಓದಿ ಹೇಳಿದಾಗ ಒಬ್ಬ ಹಿರಿಯಾಕೆ, “ಧ್ಯಾನಾ ಗೀನಾ ನಮಗ ತಿಳಿಯಂಗಿಲ್ಲ ತಂಗಿ” ಎಂದರು, ನಾನು 1 ಎಂದು ಬರೆದುಕೊಂಡೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ನಡೆದುಕೊಂಡು ಬರುತ್ತೇನೆಂದು ಆಕೆ ಹರಕೆ ಹೊತ್ತದ್ದು ನನಗೆ ತಿಳಿದದ್ದು ಚಹಾ ಕುಡಿಯುವಾಗ, ಕಾಗದ ಚೀಲ ಸೇರಿದ ಮೇಲೆ. ಇದು ತಪ್ಪೇ, ಆದರೆ ನನ್ನನ್ನು ಮುಳುಗಿಸಿದ ತಪ್ಪು ಇದಲ್ಲ.

ನನ್ನನ್ನು ಮುಳುಗಿಸಿದ್ದು ಒಂದು ಕೂಡಿಸುವ ಲೆಕ್ಕ. ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ‘ಅಂಕ ಏರಿದ್ದನ್ನು ತೋರಿಸುವುದು’ ಎಂಬ ಮಾತಿನಲ್ಲಿಯೂ ಅದೇ ತಪ್ಪು ಅಡಗಿ ಕುಳಿತಂತೆ ಕಾಣುತ್ತದೆ. ಬ್ರೀಫ್ ಕೋಪಿನ 28 ಹೇಳಿಕೆಗಳು ಎರಡೆರಡರಂತೆ 14 ಗುಂಪುಗಳಾಗಿವೆ. ಮುಂದಿನ ದಾರಿ ಯೋಚಿಸುವುದು, ಕೈಲಾದ ಕ್ರಮ ತೆಗೆದುಕೊಳ್ಳುವುದು, ಇತರರ ನೆರವು ಕೇಳುವುದು, ಒಪ್ಪಿಕೊಳ್ಳುವುದು, ದೇವರ ಮೊರೆಹೋಗುವುದು, ನಕ್ಕು ಹಗುರಾಗುವುದು, ಇವೆಲ್ಲ ಅದರಲ್ಲಿ ಇವೆ. ಆದರೆ ಆದದ್ದನ್ನು ಆಗಿಯೇ ಇಲ್ಲ ಎನ್ನುವುದು, ಕೈಚೆಲ್ಲಿ ಕೂಡುವುದು, ಕುಡಿತಕ್ಕೆ ಬೀಳುವುದು, ತನ್ನನ್ನು ತಾನೇ ಹಳಿದುಕೊಳ್ಳುವುದು, ಇವೂ ಅದೇ ಪಟ್ಟಿಯಲ್ಲಿ ಅದೇ 1ರಿಂದ 4ರ ಅಂಕದೊಂದಿಗೆ ಇವೆ. ಈ ಪ್ರಶ್ನಾವಳಿಗೆ ಒಟ್ಟು ಅಂಕ ಎಂಬುದೇ ಇಲ್ಲ, ಗುಂಪುಗಳನ್ನು ಬೇರೆಬೇರೆಯಾಗಿ ನೋಡಬೇಕು ಎಂದು ಸ್ವತಃ ಕಾರ್ವರ್ ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಹೇಳಿಕೆಗಳನ್ನು ಇಳಿಸಿಕೊಂಡೆನೇ ಹೊರತು ಸೂಚನೆಯನ್ನು ಓದಲಿಲ್ಲ. 28ನ್ನೂ ಕೂಡಿಸಿ, 28ರಿಂದ 112ರ ನಡುವಿನ ಆ ಮೊತ್ತವನ್ನು ಮೂರು ಭಾಗ ಮಾಡಿ, ‘ಕಡಿಮೆ’, ‘ಮಧ್ಯಮ’, ‘ಉತ್ತಮ ನಿಭಾಯಿಸುವ ಸಾಮರ್ಥ್ಯ’ ಎಂದು ಚೆಂದದ ಕೋಷ್ಟಕ ಮಾಡಿದೆ. ಗೈಡ್ ಅದನ್ನು ನೋಡಿ ಸಹಿ ಹಾಕಿದರು.

ಆ ಕೋಷ್ಟಕದಲ್ಲಿ 64 ಅಂಕ ಪಡೆದ ಇಬ್ಬರು ಹೆಣ್ಣುಮಕ್ಕಳಿದ್ದರು. ಮೊದಲನೆಯವರು ಮಗ್ಗ ನಿಂತ ತಿಂಗಳೇ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಹೊಲಿಗೆ ಯಂತ್ರ ತಂದಿದ್ದರು. ಯೋಚನೆಗೆ 8, ಕ್ರಮಕ್ಕೆ 8, ನೆರವು ಕೇಳುವುದಕ್ಕೆ 7, ಕೂಡಿಸಿದರೆ 23. ಎರಡನೆಯವರ ಗಂಡ ಇಚಲಕರಂಜಿಯ ಪವರ್‌ಲೂಮಿಗೆ ಹೋದವರು ಎರಡು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಆಕೆ ಉತ್ತರ ಹೇಳುತ್ತಿದ್ದರು, ಪ್ರತಿ ಪ್ರಶ್ನೆಗೂ ಲಾಳಿ ಒಂದು ಕ್ಷಣ ನಿಂತು ಮತ್ತೆ ಓಡುತ್ತಿತ್ತು. “ಅವರು ದೀಪಾವಳಿಗೆ ಬಂದ ಬರತಾರ್ರಿ ಅಕ್ಕಾರ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಎಲ್ಲಾ ನಂದ ತಪ್ಪರಿ” ಎಂದರು. ನಿರಾಕರಣೆಗೆ 8, ಹಳಿದುಕೊಳ್ಳುವುದಕ್ಕೆ 8, ಕೈಚೆಲ್ಲುವುದಕ್ಕೆ 7, ಇದೂ 23. ಉಳಿದ 11 ಗುಂಪುಗಳಲ್ಲಿ ಇಬ್ಬರಿಗೂ 41. ನನ್ನ ಪ್ರಬಂಧದ ಪ್ರಕಾರ ಇಬ್ಬರದೂ ಸರಿಸಮ ಸಾಮರ್ಥ್ಯ. ಅಷ್ಟೇ ಅಲ್ಲ, ಆ ಎರಡನೆಯವರು ತಮ್ಮನ್ನು ಅಷ್ಟು ಹಳಿದುಕೊಳ್ಳದೆ ಹೋಗಿದ್ದರೆ ನನ್ನ ಲೆಕ್ಕದಲ್ಲಿ ಅವರ ಸಾಮರ್ಥ್ಯ ಕಡಿಮೆಯಾಗುತ್ತಿತ್ತು!

ಇಷ್ಟು ಎದ್ದು ಕಾಣುವ ತಪ್ಪು ಹೇಗಾಯಿತೆಂದು ಬಹಳ ದಿನ ಯೋಚಿಸಿದ್ದೇನೆ. ಮನೋವಿಜ್ಞಾನಿಗಳಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲಿ ‘ಕೋಪಿಂಗ್’ ಎಂದರೆ ತನ್ನ ಶಕ್ತಿಗೆ ಮೀರಿತೆನಿಸಿದ ಒತ್ತಡದ ಎದುರು ಮನುಷ್ಯ ಮಾಡುವ ಪ್ರಯತ್ನ. ಅದು ಫಲಿಸಿತೋ ಇಲ್ಲವೋ ಎಂಬ ಮಾತು ಅದರಲ್ಲಿ ಸೇರಿಲ್ಲ. ನಮ್ಮ ‘ನಿಭಾಯಿಸು’ ಹಾಗಲ್ಲ. ಸಂಸಾರ ನಿಭಾಯಿಸಿದಳು ಎಂದರೆ ಗೆದ್ದಳು ಎಂದೇ ಅರ್ಥ. ಶೀರ್ಷಿಕೆಯಲ್ಲಿ ಆ ಶಬ್ದ ಬರೆದ ದಿನವೇ ನನ್ನ ತಲೆಯಲ್ಲಿ 28 ಹೇಳಿಕೆಗಳೂ ಗೆಲುವಿನ ಮೆಟ್ಟಿಲುಗಳಾಗಿಬಿಟ್ಟಿದ್ದವು, ಮೆಟ್ಟಿಲುಗಳನ್ನು ಎಣಿಸಿ ಕೂಡಿಸುವುದು ಸಹಜವಾಗಿಯೇ ಕಂಡಿತು.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ದನಿ ಏರಿಸಲಿಲ್ಲ. ಕೋಷ್ಟಕದ ಮೇಲೆ ಬೆರಳಿಟ್ಟು, “ಈ ಮೊತ್ತ ಏನನ್ನು ಅಳೆಯುತ್ತದೆ?” ಎಂದು ಕೇಳಿದರು. ಸಾಮರ್ಥ್ಯವನ್ನು ಎಂದೆ. “ಹಾಗಾದರೆ ಕುಡಿದಷ್ಟೂ ಸಾಮರ್ಥ್ಯ ಹೆಚ್ಚುತ್ತದೆಯೇನಮ್ಮ?” ಎಂದರು. ಪ್ರಬಂಧ ಹಿಂದಿರುಗಿತು, ಆರು ತಿಂಗಳು ಹೋಯಿತು, ಜೂನ್‌ನಲ್ಲಿ ಸಿಗಬೇಕಿದ್ದ ಕೆಲಸ ಪದವಿ ಪ್ರಮಾಣಪತ್ರವಿಲ್ಲದೆ ಇನ್ನೊಬ್ಬರ ಪಾಲಾಯಿತು. ಸಹಿ ಹಾಕಿದ ಗೈಡ್ ಅಂದು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಮೇಲೆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ, ಆದರೂ ಸೂಚನೆ ಓದಬೇಕಾಗಿದ್ದವಳು ನಾನು.

ಎರಡನೆಯ ಬಾರಿ ಗುಳೇದಗುಡ್ಡಕ್ಕೆ ಪ್ರಶ್ನಾವಳಿ ಇಲ್ಲದೆ ಹೋದೆ. ಹಿಂದಿನವರಲ್ಲಿಯೇ ಒಂಬತ್ತು ಜನರನ್ನು ಕೇಳಿ ಒಪ್ಪಿಸಿ, ಒಬ್ಬೊಬ್ಬರ ಬಳಿ ಎರಡು-ಮೂರು ಸಲ ಕುಳಿತೆ. ಕೇಳಿದ್ದು ಒಂದೇ ಪ್ರಶ್ನೆ: “ಆವಾಗ ಹ್ಯಾಂಗ ದಿನಾ ತಗದ್ರಿ?” ದಿನ ತೆಗೆಯುವುದು ಅವರದೇ ಮಾತು, ಅದರಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ, ಕೋಪಿಂಗ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಇಂದಿಗೂ ಸಿಕ್ಕಿಲ್ಲ. ನಿರಾಕರಣೆಗೆ 8 ಅಂಕ ಪಡೆದಾಕೆ ಅಂದು ಸಂಜೆ ರೊಟ್ಟಿ ಬಡಿಯುತ್ತಿದ್ದರು. ತನಗೆ ಮತ್ತು ಮಗಳಿಗೆ ಬೇಕಾದಷ್ಟಾದ ಮೇಲೆ ಒಂದು ಹೆಚ್ಚಿನ ರೊಟ್ಟಿ ಬಡಿದು ಬುಟ್ಟಿಯಲ್ಲಿ ಬೇರೆಯಾಗಿ ಮುಚ್ಚಿಟ್ಟರು. ನಾನು ನೋಡಿದ್ದನ್ನು ನೋಡಿ ತಾವೇ ಹೇಳಿದರು: “ಅವರು ಬರಂಗಿಲ್ಲ ಅನ್ನೂದು ನನಗೂ ಗೊತ್ತೈತ್ರಿ. ಇದೊಂದ ರೊಟ್ಟಿ ಬಿಟ್ರ ಸಂಜೀಮುಂದ ಭಾಳ ಬಣಬಣ ಅನಸ್ತೈತಿ.” ಬೆಳಿಗ್ಗೆ ಅದು ಎದುರು ಮನೆಯ ಆಕಳಿಗೆ ಹೋಗುತ್ತಿತ್ತಂತೆ. ಮೊತ್ತ ತಪ್ಪೆಂದು ಪರೀಕ್ಷಕರು ತೋರಿಸಿಕೊಟ್ಟಿದ್ದರು. ಆ 8 ಕೂಡ ತಪ್ಪೆಂದು ತೋರಿಸಿದ್ದು ಆ ರೊಟ್ಟಿ.

ಆದ್ದರಿಂದ ಯಾವ ಪ್ರಶ್ನಾವಳಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಮೂರು ವಾರದಲ್ಲಿ ಆಪ್ತಸಮಾಲೋಚನೆಯ ಪರಿಣಾಮ ತೋರಿಸಲಾರಿರಿ, ತೋರಿಸಿದರೂ ನಾನು ನಂಬುವುದಿಲ್ಲ. ಜ್ವರ ನೆತ್ತಿಗೇರಿದ ದಿನ ಜನ ದವಾಖಾನೆಗೆ ಹೋಗುತ್ತಾರೆ, ಮೂರು ದಿನದಲ್ಲಿ ಇಳಿದ ಜ್ವರದಲ್ಲಿ ಗುಳಿಗೆಯ ಪಾಲೆಷ್ಟು, ತಾನಾಗಿ ಇಳಿದದ್ದೆಷ್ಟು ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ಮನಸ್ಸಿನ ಸಂಕಟವೂ ಹಾಗೆಯೇ ತುದಿ ಮುಟ್ಟಿ ಇಳಿಯುತ್ತದೆ. ಸಮಾಲೋಚನೆ ಪಡೆಯದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಅಳೆಯದೆ ಏರಿದ ಅಂಕಕ್ಕೆ ಬೆಲೆಯಿಲ್ಲ. ನೇಕಾರರಲ್ಲಿ ಕೂಲಿ ಬಟವಡೆಯ ಹಿಂದಿನ ದಿನ ಒಮ್ಮೆ, ಮರುದಿನ ಒಮ್ಮೆ ಕೇಳಿದರೆ ಯಾವ ಸಮಾಲೋಚನೆಯೂ ಇಲ್ಲದೆ ಅಂಕ ಬದಲಾಗುವುದನ್ನು ನಾನು ಕಂಡಿದ್ದೇನೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆ 200 ಜನರಿಗೆ ಸಮಾಲೋಚನೆ ಮಾಡುವವರು ನೀವೇ ಎಂದು ಬರೆದಿದ್ದೀರಿ. ಅನುಭವಿಗಳ ಮೇಲ್ವಿಚಾರಣೆಯಿಲ್ಲದೆ ವಿದ್ಯಾರ್ಥಿಗಳು ಅದನ್ನು ಮಾಡಬಾರದು, ಮನೋಚಿಕಿತ್ಸೆಯ ಮಾತಂತೂ ದೂರ ಉಳಿಯಿತು. ಸುಮ್ಮನೆ ಕೇಳಿಸಿಕೊಳ್ಳಲು ಹೋದರೂ ಬರಿಗೈಯಲ್ಲಿ ಹೋಗಬೇಡಿ. ಜೀವ ಸಾಕಾಗಿದೆ ಎಂದು ಯಾರಾದರೂ ಅಂದರೆ ಅಂದೇ ಯಾರಿಗೆ ತಿಳಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಮುಂಚೆಯೇ ಹೋಗಿ ಕಾಣಿರಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲು-ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ಹಣ ಬೀಳುವುದಿಲ್ಲ. ಅದನ್ನು ಒಪ್ಪಿಗೆ ಪತ್ರದಲ್ಲಿಯೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಓದಲು ಬಾರದವರಿಗೆ ಅವರ ಫೋನಿನಲ್ಲಿ ಸೇರಿಸಿ ಕೊಡಿ.

200 ಎಂಬ ಸಂಖ್ಯೆಯನ್ನು ಬಿಟ್ಟು ಎಂಟು-ಹತ್ತು ಜನರ ಬಳಿ ಕುಳಿತುಕೊಳ್ಳಿ. ಅಂಕಿಸಂಖ್ಯೆ ಇಲ್ಲದ ಪ್ರಬಂಧ ನಡೆಯುವುದಿಲ್ಲ ಎಂದು ನಿಮ್ಮ ಗೈಡ್ ಹಟ ಹಿಡಿದರೆ ಬ್ರೀಫ್ ಕೋಪನ್ನೇ ಬಳಸಿ, ಆದರೆ ಅನುವಾದವನ್ನು ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ನೋಡಿ, ಐದಾರು ಜನರ ಮುಂದೆ ಓದಿ ಪ್ರತಿ ಹೇಳಿಕೆ ಅವರಿಗೆ ಏನೆಂದು ಕೇಳಿಸಿತೆಂದು ಕೇಳಿ, 14 ಗುಂಪುಗಳ ಅಂಕವನ್ನು 14 ಕಂಬಗಳಲ್ಲಿಯೇ ಇಡಿ. ಹದಿನೈದನೆಯ ಕಂಬ ಹಾಕಬೇಡಿ.